ಒಂದೇ ಟೇಕ್

"ಇನ್ನೊಂದ್ಸಲ ಹಾರಿಸು ಪುಟ್ಟಿ," ಎಂದ ಅಳಿಲು. ಸರ್ಕಸ್ಸಿನಲ್ಲಿ ಹಾರುತ್ತಿದ್ದ ಕಾಲದಲ್ಲಿ ಅವನಿಗೆ ಅಂಟಿಕೊಂಡ ಹೆಸರು ಅದು.

ಮಗಳು ಗುಂಡಿ ಒತ್ತಿದಳು. ಟೀವಿಯ ಗೇಮಿನೊಳಗಿನ ಕಳ್ಳ ಹೆಂಚಿನ ಮಾಡಿನ ಅಂಚಿಗೆ ಓಡಿ, ಓಣಿಯ ಮೇಲೆ ಹಾರಿ, ಆಚೆ ಮಾಡಿನ ಮೇಲೆ ದೊಪ್ಪನೆ ಇಳಿದ. ಅಳಿಲು ಕುರ್ಚಿಯ ತುದಿಗೆ ಜರುಗಿ, ಕಣ್ಣು ಕಿರಿದು ಮಾಡಿ ನೋಡಿದ. ಅಲ್ಲ. ತಾನು ಹಾರುವಾಗ ಎಡಗೈ ಎದೆಗೆ ಬರುತ್ತಿತ್ತು, ಬಲಗೈ ನೀರು ಸೀಳಿದಂತೆ ಹಿಂದಕ್ಕೆ ಹೋಗುತ್ತಿತ್ತು, ಇಳಿದರೆ ಸದ್ದೇ ಇರುತ್ತಿರಲಿಲ್ಲ. ಇವನು ಯಾರೋ, ಬೆನ್ನ ಮೇಲೆ ಮೂಟೆ ಹೊತ್ತವನಂತೆ ಹಾರುತ್ತಿದ್ದ.

"ನೀವೇ ಅಲ್ವೇನ್ರೀ ಅದು?" ಹೆಂಡತಿ ಅಡುಗೆಮನೆಯ ಬಾಗಿಲಿನಿಂದಲೇ ಕೇಳಿದಳು.

"ಹೂಂ. ಮತ್ತಿನ್ಯಾರು?"

ಸೋಫಾದಲ್ಲಿ ಒತ್ತಿಕೊಂಡು ಕೂತಿದ್ದ ಪಕ್ಕದ ಮನೆಯ ದರ್ಜಿಯೂ ಅವನ ಹೆಂಡತಿಯೂ ಚಪ್ಪಾಳೆ ತಟ್ಟಿದರು. ಗೇಮಿನ ಡಿಸ್ಕನ್ನು ತಾನೇ ತಂದುಕೊಟ್ಟಿದ್ದ ಭಾವಮೈದುನ ಮಾತ್ರ ತಲೆ ತಗ್ಗಿಸಿ ಮೊಬೈಲು ಉಜ್ಜುತ್ತಿದ್ದ.

ಸರ್ಕಸ್ಸು ಮುಚ್ಚಿ ಅಳಿಲು ಮನೆಯಲ್ಲಿ ಕೂತಿದ್ದಾಗ ಕೈಹಿಡಿದು ಗೇಮ್ ಕಂಪನಿಗೆ ಕರೆದೊಯ್ದವನೂ ಈ ಭಾವಮೈದುನನೇ. ಅಲ್ಲಿ ಗೊಂಬೆಗಳಿಗೆ ಚಲನೆ ಕೊಡುವ ವಿಭಾಗಕ್ಕೆ ಅವನೇ ಮುಖ್ಯಸ್ಥ. ಅಳಿಲಿಗೆ ಮೈಗಂಟುವ ಕರಿ ಉಡುಪು ತೊಡಿಸಿದರು. ಅದರ ತುಂಬ ಬಟಾಣಿಯಂಥ ಬಿಳಿ ಗುಂಡುಗಳು, ಸುತ್ತಲೂ ಕ್ಯಾಮೆರಾ. ಇವನು ಹಾರಿದ ಹಾಗೇ ಕಂಪ್ಯೂಟರಿನ ಕಳ್ಳನೂ ಹಾರಿದ. ಗೇಮ್ ಬರುವುದಕ್ಕೆ ಎಷ್ಟೋ ತಿಂಗಳು ಮೊದಲು ಕಂಪನಿ ಅದರ ಮುನ್ನೋಟ ಬಿಟ್ಟಿತು. ನೋಡಿದವರೆಲ್ಲ ಒಂದೇ ಮಾತು: ಕಥೆ ಹೇಗಾದರೂ ಇರಲಿ, ಆ ಜಿಗಿತ ನೋಡ್ರೋ! ಅಳಿಲು ಅದನ್ನು ಮೊಬೈಲಿನಲ್ಲಿಟ್ಟುಕೊಂಡು ಕ್ಷೌರದವನಿಗೆ, ತರಕಾರಿಯವಳಿಗೆ, ಕೊನೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ತೋರಿಸಿದ.

ಜನ ಮೆಚ್ಚಿದ ಮೇಲೆ ಕಂಪನಿಗೆ ಆಸೆ ಹೆಚ್ಚಿತು. ಇನ್ನೂ ಎತ್ತರದಿಂದ ಹಾರಿ ಎಂದರು. ಬೇರೆ ದೃಶ್ಯಕ್ಕೆಂದು ಯಾರೋ ದಪ್ಪ ಹಾಸನ್ನು ಪಕ್ಕಕ್ಕೆಳೆದಿದ್ದರು, ಮತ್ತೆ ಸರಿಸುವುದನ್ನು ಮರೆತರು. ಕಾಂಕ್ರೀಟಿನ ಮೇಲೆ ಬಿದ್ದ ಅಳಿಲಿನ ಬಲಗಾಲು ಸೊಂಟದಡಿಗೆ ಮಡಚಿಕೊಂಡಿತು.

ಆಸ್ಪತ್ರೆಯಲ್ಲಿ ಭಾವಮೈದುನ ಅವನ ಕೈ ಹಿಡಿದುಕೊಂಡು ಪಿಸುಗುಟ್ಟಿದ್ದ: "ಭಾವ, ಮೆಟ್ಟಿಲಲ್ಲಿ ಜಾರಿದೆ ಅಂತ ಹೇಳಿಬಿಡಿ. ಅಕ್ಕನಿಗೂ ಅಷ್ಟೇ ಹೇಳಿ. ಇಲ್ಲದಿದ್ರೆ ನನ್ನ ತಲೆಗೆ ಬರುತ್ತೆ, ಗೇಮೂ ನಿಲ್ಲುತ್ತೆ. ನಿಮ್ಮ ಜಿಗಿತ ಗೇಮಲ್ಲಿ ಇರುತ್ತೆ. ಅದಕ್ಕೆ ನಾನು ಜವಾಬ್ದಾರಿ."

ಇನ್ನು ಹಾರುವುದಂತೂ ಇಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ತಾನು ಹಾರಿದ್ದು ಎಲ್ಲಾದರೂ ಒಂದು ಕಡೆ ಉಳಿಯಲಿ ಎಂದುಕೊಂಡು ಅಳಿಲು ಬಾಯಿಗೆ ಬೀಗ ಹಾಕಿಕೊಂಡ.

"ಅಯ್ಯೋ, ಹೋಯ್ತು!" ಮಗಳು ಕೂಗಿದಳು.

ಕಳ್ಳ ಅಂಚು ತಪ್ಪಿ ಓಣಿಗೆ ಬಿದ್ದಿದ್ದ. ಬಲಗಾಲು ಸೊಂಟದಡಿಗೆ ಹೋಯಿತು. ಕುತ್ತಿಗೆ ಒಮ್ಮೆ ಸೆಟೆದು ಸಡಿಲಿತು. ಅಮ್ಮಾ ಎಂದು ಶುರುವಾದ ಕೂಗು ನಡುವೆಯೇ ಮುರಿದು, ನಾಯಿಮರಿಯನ್ನು ತುಳಿದಂಥ ಸದ್ದಾಗಿ ಮುಗಿಯಿತು.

ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳಂತೂ ನೆಲಕ್ಕೇ ಉರುಳಿದಳು. "ಅಪ್ಪಾ, ಕಾಲು ನೋಡು ಅವನದು! ಕಪ್ಪೆ ಥರ!"

ಅಳಿಲು ಊರುಗೋಲು ತೆಗೆದುಕೊಂಡು ಎದ್ದ. ಭಾವಮೈದುನನ ಭುಜ ತಟ್ಟಿ ಬಾಲ್ಕನಿಗೆ ಬರಲು ಹೇಳಿದ. ಒಣಗಲು ಹಾಕಿದ ಬಟ್ಟೆಗಳ ನಡುವೆ ಇಬ್ಬರೂ ನಿಂತರು.

"ಅದು ನಾನು ಬಿದ್ದಿದ್ದು."

"ಮೆಲ್ಲಗೆ ಮಾತಾಡಿ ಭಾವ."

"ನನ್ನ ಜಿಗಿತ ಎಲ್ಲಯ್ಯಾ?"

ಭಾವಮೈದುನ ಒದ್ದೆ ಟವೆಲಿನ ಅಂಚನ್ನು ಹಿಂಡಿದ. "ಬೇರೆ ಹುಡುಗನ ಕೈಲಿ ಮಾಡಿಸಿದ್ರು. ನಿಮ್ಮದು ತೀರಾ ಹಗುರ ಆಯ್ತಂತೆ. ಮನುಷ್ಯ ಹಾಗೆಲ್ಲ ಹಾರ್ತಾನಾ, ನಂಬೋ ಹಾಗಿಲ್ಲ ಅಂದ್ರು ನಿರ್ದೇಶಕರು."

"ಮುನ್ನೋಟದಲ್ಲಿ ಜನ ನಂಬಿದ್ರಲ್ಲ?"

"ಮುನ್ನೋಟ ಅಂದ್ರೆ ಅಂಗಡಿ ಗೊಂಬೆಗೆ ಉಡಿಸಿದ ಬಟ್ಟೆ ಭಾವ. ಮನೆಗೆ ತಂದ್ಮೇಲೆ ಅದೇ ಇರುತ್ತಾ?"

"ಇದನ್ನ ಯಾರು ಹಾಕಿದ್ದು?"

ಒಳಗೆ ಮತ್ತೆ ಆ ಕೂಗು ಕೇಳಿಸಿತು, ಅದರ ಬೆನ್ನಿಗೇ ನಗು. ಭಾವಮೈದುನ ಬಾಲ್ಕನಿಯ ಬಾಗಿಲನ್ನು ಮುಂದಕ್ಕೆಳೆದ. "ಕ್ಯಾಮೆರಾ, ಮೈಕು ಎಲ್ಲಾ ಓಡ್ತಾ ಇತ್ತಲ್ಲ. ಬೀಳೋದಕ್ಕೆ ಎಷ್ಟು ಜನರ ಕೈಲಿ ಮಾಡಿಸಿದ್ರೂ ನಾಟಕದ ಹಾಗೇ ಬರ್ತಿತ್ತು. ಆಗ ನಾನೇ... ನನ್ನ ಹತ್ರ ಒಂದಿದೆ ಅಂದೆ." ಸಮಾಧಾನ ಮಾಡುವ ದನಿಯಲ್ಲಿ ಸೇರಿಸಿದ: "ಎಲ್ಲರೂ ಎಷ್ಟು ಹೊಗಳಿದ್ರು ಗೊತ್ತಾ ನಿಮ್ಮನ್ನ?"

ಅಳಿಲಿಗೆ ಊರುಗೋಲು ಎತ್ತಬೇಕೆನಿಸಿತು. ಎತ್ತಿದರೆ ನಿಲ್ಲಲಾಗುತ್ತಿರಲಿಲ್ಲ.

ಅವನು ಒಳಗೆ ಬಂದಾಗ ಮಗಳು ಬೇಕೆಂದೇ ಕಳ್ಳನನ್ನು ಬೀಳಿಸುತ್ತಿದ್ದಳು. ಗೋಪುರದಿಂದ, ಸೇತುವೆಯಿಂದ, ಕೊನೆಗೆ ಮೊಣಕಾಲೆತ್ತರದ ಕಟ್ಟೆಯಿಂದ. "ಎಲ್ಲಿಂದ ಬಿದ್ರೂ ಒಂದೇ ಥರ ಅಳ್ತಾನಪ್ಪಾ!" ದರ್ಜಿ ಆ ಕೂಗನ್ನು ಅಣಕಿಸಿ ತೋರಿಸಿದ. ಅವನಿಗೆ ಚೆನ್ನಾಗಿಯೇ ಬಂದಿತ್ತು.

"ಅದು ನಾನು," ಎಂದ ಅಳಿಲು.

ನಗು ನಿಂತಿತು.

"ಬೀಳ್ತಾ ಇರೋದು ನಾನು. ಹಾರೋದು ಬೇರೆ ಯಾರೋ. ಬೀಳೋದು ನಾನು."

ಎಲ್ಲರೂ ಅವನ ಮುಖ ನೋಡಿದರು. ಅವನು ಮುಂದೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಭಾವಮೈದುನನ ದನಿ ಬಂತು: "ಹೌದು, ಭಾವನೇ ಮಾಡಿದ್ದು. ಅದೂ ಒಂದೇ ಟೇಕಲ್ಲಿ!"

"ಅಬ್ಬಾ, ಅಳಿಲಣ್ಣ!" ದರ್ಜಿ ಎದ್ದು ಬಂದು ಅವನ ಕೈ ಕುಲುಕಿದ. "ಹಾರೋದನ್ನ ಯಾರು ಬೇಕಾದ್ರೂ ಹಾರ್ತಾರೆ. ಹೀಗೆ ಬೀಳೋಕೆ ಬರಬೇಕಲ್ಲ! ನಾನು ನಿಜ ಅಂತಲೇ ಅಂದ್ಕೊಂಡೆ."

ದರ್ಜಿಯ ಹೆಂಡತಿ ಚಪ್ಪಾಳೆ ತಟ್ಟಿದಳು. ಭಾವಮೈದುನನೂ ತಟ್ಟಿದ, ಎಲ್ಲರಿಗಿಂತ ಜೋರಾಗಿ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಕೈ ಮಾತ್ರ ಮೇಲೇಳಲಿಲ್ಲ. ರಾತ್ರಿ ನಿದ್ದೆಯಲ್ಲಿ ಗಂಡ ಹೀಗೇ ಚೀರುವುದನ್ನು ಪಕ್ಕದಲ್ಲಿ ಮಲಗಿ ಕೇಳಿದವಳು ಅವಳು. ತಮ್ಮನ ಮುಖ ನೋಡಿದಳು, ಗಂಡನ ಕಾಲು ನೋಡಿದಳು, ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಅಪ್ಪಾ, ನಿಜವಾಗ್ಲೂ ನೀನೇನಾ?" ಮಗಳ ಕಣ್ಣು ಅರಳಿತ್ತು. "ನಾಳೆ ಕ್ಲಾಸಲ್ಲಿ ಎಲ್ಲರಿಗೂ ಹೇಳ್ತೀನಿ! ಬಾ, ನನ್ನ ಪಕ್ಕ ಕೂತ್ಕೋ. ಇನ್ನೊಂದ್ಸಲ ನೋಡೋಣ."

ನೆಲದ ಮೇಲೆ ಕೂರಲು ಅವನಿಗೆ ಆಗುತ್ತಿರಲಿಲ್ಲ. ಕುರ್ಚಿಯನ್ನು ಅವಳ ಹಿಂದಕ್ಕೆ ಎಳೆದುಕೊಂಡು ಕೂತ. ಅವಳು ಕಳ್ಳನನ್ನು ಊರಲ್ಲೇ ಎತ್ತರದ ಗೋಪುರಕ್ಕೆ ಹತ್ತಿಸಿ, ಅಂಚಿಗೆ ತಂದು ನಿಲ್ಲಿಸಿದಳು.

"ನೋಡ್ತಾ ಇದ್ದೀಯಾ?"

"ನೋಡ್ತಾ ಇದ್ದೀನಿ."

ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು. ಕಳ್ಳ ಎರಡೂ ಕಾಲುಗಳ ಮೇಲೆ ನೆಟ್ಟಗೆ ನಿಂತು, ಮೆಲ್ಲಗೆ ಉಸಿರಾಡುತ್ತ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ.