ಚೀಟಿಯಕ್ಕ ಪುಸ್ತಕ ಮಾಡಿದ್ದು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ನೆಲಮಾಳಿಗೆಯಲ್ಲಿತ್ತು. ಮೇಲಿನ ಎಂಟು ವಾರ್ಡುಗಳ ಕೊಳೆಯೆಲ್ಲ ತಳ್ಳುಗಾಡಿಗಳಲ್ಲಿ ಅಲ್ಲಿಗೆ ಇಳಿದು, ಒಗೆದು ಒಣಗಿ ಇಸ್ತ್ರಿಯಾಗಿ ಮತ್ತೆ ಮೇಲೇರುತ್ತಿತ್ತು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಚಾದರ ಮಡಿಸುತ್ತಿದ್ದ ಹೆಂಗಸನ್ನು ಎಲ್ಲರೂ ಚೀಟಿಯಕ್ಕ ಎಂದೇ ಕರೆಯುತ್ತಿದ್ದರು. ಯಾವ ವಾರ್ಡಿಗೆ ಎಷ್ಟು ಬಟ್ಟೆ ಎಂದು ಬರೆದು ಪ್ರತಿ ಗಂಟಿಗೂ ಚೀಟಿ ಸಿಕ್ಕಿಸುವುದು ಅವಳ ಕೆಲಸ. ಹಳೆಯ ಚೀಟಿಗಳ ಬೆನ್ನ ಮೇಲೆ ಅವಳು ಬೇರೇನೋ ಬರೆಯುತ್ತಾಳೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಏನು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಅವಳು ಬರೆಯುತ್ತಿದ್ದದ್ದು ಆ ನೆಲಮಾಳಿಗೆಯನ್ನೇ. ದಿಂಬಿನ ಚೀಲದೊಳಗೆ ಸಿಕ್ಕಿದ ಹಲ್ಲಿನ ಸೆಟ್ಟು, ಅದನ್ನು ಹುಡುಕಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದು ಇಳಿದು ಬಂದ ಮುದುಕ. ಹೆರಿಗೆ ವಾರ್ಡಿನ ಗಂಟು ಬಂದ ದಿನ ಹೆಂಗಸರ ಮಾತು ಜೋರಾಗುವುದು, ವಾಸಿಯಾಗದವರನ್ನು ಮಲಗಿಸುವ ಎಂಟನೇ ವಾರ್ಡಿನದು ಬಂದ ದಿನ ಯಾರೂ ತುಟಿ ಬಿಚ್ಚದಿರುವುದು. ಹೀಗೆ ಹನ್ನೊಂದು ವರ್ಷಗಳಲ್ಲಿ ಸೋಪಿನ ಪುಡಿಯ ಎರಡು ದೊಡ್ಡ ಡಬ್ಬ ತುಂಬಿದ್ದವು.

ಒಂದು ಸೋಮವಾರ ಬಿಸಿನೀರಿನ ಕೊಳವೆ ಒಡೆಯಿತು. ಒಂದು ಡಬ್ಬದ ಚೀಟಿಗಳೆಲ್ಲ ಕರಗಿ ಮುದ್ದೆಯಾದವು. ಆರು ವರ್ಷದ ಬರಹ. ಚೀಟಿಯಕ್ಕ ಅಳಲಿಲ್ಲ. ಉಳಿದ ಡಬ್ಬವನ್ನು ಎದೆಗವಚಿಕೊಂಡು ಕೆಲಸ ಮುಗಿದದ್ದೇ ಬೀದಿಯ ಕೊನೆಯ ಗ್ರಂಥಾಲಯಕ್ಕೆ ಹೋದಳು.

"ಮೇಡಂ, ಇದನ್ನ ಪುಸ್ತಕ ಮಾಡ್ಬೇಕು. ಹೆಂಗೆ ಅಂತ ಹೇಳಿ. ಆಗಲ್ಲ ಅನ್ನೋದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ."

ಗ್ರಂಥಪಾಲಕಿ ಮಿತಭಾಷಿ. ನಾಲ್ಕು ಚೀಟಿ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹತ್ತು ಓದಿದರು. "ಕೂತ್ಕೊಳ್ಳಿ" ಎಂದರು.

ಅವರು ಮೊದಲು ಕಲಿಸಿದ್ದು ಫೋನಿಗೆ ಹೇಳಿ ಬರೆಸುವುದನ್ನು. ಚೀಟಿ ಓದುತ್ತ ಹೋದರೆ ಫೋನು ತಾನೇ ಅಕ್ಷರ ಮೂಡಿಸುತ್ತದೆ. ಮೂಡಿಸಿದ್ದನ್ನು ಮೂರು ಕಡೆ ಉಳಿಸಬೇಕು: ಫೋನಿನಲ್ಲಿ, ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಪುಟ್ಟ ಪೆನ್‌ಡ್ರೈವಿನಲ್ಲಿ. "ಕೊಳವೆ ಮೂರೂ ಕಡೆ ಒಟ್ಟಿಗೆ ಒಡೆಯಲ್ಲ" ಎಂದರು. ಆದರೆ ಫೋನಿಗೆ ಕಿವಿ ಮಂದ. 'ಹಬೆ ಬಂದು ಕೈ ಸುಟ್ಟಿತು' ಎಂದರೆ 'ಹಬ್ಬ ಬಂದು ಕೈ ಸುಟ್ಟಿತು' ಎಂದು ಬರೆಯಿತು. 'ಎಂಟನೇ ವಾರ್ಡಿಗೆ ನಲವತ್ತು ಹೊದಿಕೆ ಕಳಿಸಿದೆವು' ಎಂದದ್ದು 'ನಲವತ್ತು ಹೆದರಿಕೆ ಕಳಿಸಿದೆವು' ಎಂದಾಯಿತು. ಮೊದಲನೆಯದನ್ನು ತಿದ್ದಿದಳು. ಎರಡನೆಯದನ್ನು ತುಸು ಹೊತ್ತು ನೋಡಿ ಹಾಗೇ ಬಿಟ್ಟಳು.

ಮುಂದಿನ ಪ್ರಶ್ನೆ ಹಣದ್ದು. ಕರಗಿಹೋದ ಆರು ವರ್ಷವನ್ನು ನೆನಪಿನಿಂದ ಮತ್ತೆ ಬರೆಯಬೇಕು, ಅದಕ್ಕೆ ಬಿಡುವು ಬೇಕು. ಗ್ರಂಥಪಾಲಕಿ ದಾರಿಗಳನ್ನು ಬಿಡಿಸಿಟ್ಟರು. ಬೆಟ್ಟದ ಮೇಲೆ ಬರಹಗಾರರಿಗೆಂದೇ ಒಂದು ಮನೆಯಿದೆ, ತಿಂಗಳು ಉಚಿತವಾಗಿ ಇರಬಹುದು. "ನಾನು ತಿಂಗಳು ಹೋದ್ರೆ ನಮ್ಮತ್ತೆಗೆ ಮಾತ್ರೆ ಕೊಡೋರು ಯಾರು?" ಎಂದಳು ಚೀಟಿಯಕ್ಕ. ಬರೆದವರಿಂದಲೇ ದುಡ್ಡು ಕಿತ್ತು ಅಚ್ಚು ಹಾಕುವ ಪ್ರಕಾಶಕರೂ ಇದ್ದಾರೆ. ಅವರ ಹತ್ತಿರ ಸುಳಿಯಬೇಡಿ ಎಂದು ಗ್ರಂಥಪಾಲಕಿಯೇ ಎಚ್ಚರಿಸಿದರು. ಉಳಿದದ್ದು ಒಂದು ಪ್ರತಿಷ್ಠಾನ. ಮೊದಲ ಪುಸ್ತಕ ಬರೆಯುವವರಿಗೆ ಅದು ಸಹಾಯಧನ ಕೊಡುತ್ತಿತ್ತು. ಅರ್ಜಿಯ ಜೊತೆ ಮೂವತ್ತು ಪುಟದ ಮಾದರಿ ಮತ್ತು ಖರ್ಚಿನ ಪಟ್ಟಿ ಕೇಳುತ್ತಿತ್ತು.

ಖರ್ಚಿನ ಪಟ್ಟಿಯಲ್ಲಿ ಚೀಟಿಯಕ್ಕ ಬರೆದದ್ದು ಎರಡೇ ಬಾಬ್ತು. ಮೂರು ತಿಂಗಳ ಸಂಬಳವಿಲ್ಲದ ರಜೆಗೆ ಬದಲಿ ಸಂಬಳ. ಮನೆಯ ಸಾಮಾನು ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಒಂದು.

ಎರಡು ತಿಂಗಳಿಗೆ ಸಂದರ್ಶನದ ಕರೆ ಬಂತು. ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಅಧ್ಯಕ್ಷರು, ಎಡಕ್ಕೆ ಕಾರ್ಯದರ್ಶಿ, ಬಲಕ್ಕೆ ಹೆಸರುವಾಸಿ ಲೇಖಕರೊಬ್ಬರು. ಲೇಖಕರ ಮುಂದೆ ಅವಳ ಮೂವತ್ತು ಪುಟಗಳಿದ್ದವು, ಅಂಚಿನ ತುಂಬ ಕೆಂಪು ಗೀಟು.

"ಸಾಮಗ್ರಿ ಅದ್ಭುತವಾಗಿದೆಯಮ್ಮ" ಎಂದರು ಅಧ್ಯಕ್ಷರು. "ಸಹಾಯ ಮಾಡೋದು ಅಂತ ತೀರ್ಮಾನ ಮಾಡಿದೀವಿ. ಪೂರ್ತಿ ಹಣ."

ಚೀಟಿಯಕ್ಕ ಕೈ ಜೋಡಿಸಿದಳು.

"ಒಂದು ಸಣ್ಣ ಏರ್ಪಾಡು" ಎಂದರು ಕಾರ್ಯದರ್ಶಿ. "ಇದಕ್ಕೊಂದು ಶೈಲಿ ಬೇಕು. ನೀವು ಹೇಳ್ತಾ ಹೋಗಿ, ಸರ್ ಬರೀತಾರೆ. ಮುಖಪುಟದ ಮೇಲೆ ಸರ್ ಹೆಸರಿದ್ರೆ ಜನ ತಗೋತಾರೆ. ಒಳಗೆ, ನಿರೂಪಣೆಗೆ ನೆರವು ಅಂತ ನಿಮ್ಮ ಹೆಸರು ಇರುತ್ತೆ."

"ನಾನಾಗಲೇ ಬರೆದಿದೀನಲ್ಲ ಸರ್."

ಲೇಖಕರು ಮೆಲ್ಲಗೆ ನಕ್ಕರು. ಕೆಟ್ಟ ಮನುಷ್ಯರಲ್ಲ, ದನಿಯಲ್ಲಿ ಮೃದುತ್ವವೇ ಇತ್ತು. "ಬರೆದಿದೀರಿ. ಆದ್ರೆ ನೋಡಿ, 'ನಲವತ್ತು ಹೆದರಿಕೆ ಕಳಿಸಿದೆವು' ಅಂತಿದೆ. ಹೊದಿಕೆ ಆಗ್ಬೇಕಿತ್ತು. ಇಂಥ ತಪ್ಪು ಬೇಕಾದಷ್ಟಿವೆ."

"ಅದು ತಪ್ಪಲ್ಲ ಸರ್. ಎಂಟನೇ ವಾರ್ಡಲ್ಲಿ ಒಂದು ದಿನ ಮಲಗಿದ್ರೆ ನಿಮಗೂ ಗೊತ್ತಾಗ್ತಿತ್ತು."

ಅವಳಿಗೇ ತನ್ನ ಮಾತು ಕೇಳಿ ಗಾಬರಿಯಾಯಿತು. ಆದರೆ ಬಿಚ್ಚಿದ ಗಂಟು ಬಿಚ್ಚಿಯಾಗಿತ್ತು.

"ನಮ್ಮ ಕೆಳಗಡೆ ಒಂದು ನಿಯಮ ಇದೆ" ಎಂದಳು. "ಯಾವ ವಾರ್ಡಿನ ಬಟ್ಟೆಯೋ ಆ ವಾರ್ಡಿನ ಚೀಟೀನೇ ಅದರ ಮೇಲಿರ್ಬೇಕು. ಒಳ್ಳೆ ಚಾದರ ಅಂತ ಎರಡನೇ ವಾರ್ಡಿಂದನ್ನ ಐದನೇ ವಾರ್ಡಿಗೆ ಬರೆದ್ರೆ ಕೆಲಸದಿಂದ ತೆಗೀತಾರೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ನಾನು ಚೀಟಿ ತಪ್ಪಿಸಿಲ್ಲ. ಈಗ ನನ್ನ ಗಂಟಿಗೇ ಬೇರೆಯವರ ಚೀಟಿ ಹಾಕು ಅಂದ್ರೆ ಹೆಂಗೆ ಸರ್?"

"ಯೋಚನೆ ಮಾಡಿ. ಇಂಥ ಅವಕಾಶ ಮತ್ತೆ ಬರಲ್ಲ" ಎಂದರು ಅಧ್ಯಕ್ಷರು.

"ನನ್ನ ಮೂವತ್ತು ಪುಟ ಕೊಟ್ಬಿಡಿ" ಎಂದಳು. ಕೆಂಪು ಗೀಟಿನ ಸಮೇತ ತೆಗೆದುಕೊಂಡು ಹೊರಬಿದ್ದಳು.

ಶಾಲಾ ವ್ಯಾನು ಓಡಿಸುವ ಗಂಡನಿಗೆ ವಿಷಯ ತಿಳಿದು ತಲೆ ಬಿಸಿಯಾಯಿತು. "ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೊಂಡೆ. ಹೆಸರು ಯಾರದಿದ್ರೇನು, ದುಡ್ಡು ಬಂದಿದ್ರೆ ಮೂರು ತಿಂಗಳು ಕೈಕಾಲಿಗಾದ್ರೂ ವಿಶ್ರಾಂತಿ ಸಿಕ್ತಿತ್ತು."

ಮಂಚದ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಅತ್ತೆ ಮಗನ ಕಡೆ ತಿರುಗಿದಳು. "ನಿನ್ನ ಹೆತ್ತಾಗ ಮೂರು ದಿನ ನೋವು ತಿಂದಿದೀನಿ. ಸೂಲಗಿತ್ತಿ ಬಂದು, ಚಿಂತೆ ಬೇಡಮ್ಮ, ಹೆತ್ತೋಳು ನಾನೇ ಅಂತ ಬರೆಸ್ಕೋತೀನಿ ಅಂದಿದ್ರೆ, ಹೂಂ ಅಂತಿದ್ನಾ?"

ಗಂಡ ಚಹಾದ ಲೋಟಕ್ಕೆ ಮುಖ ಹಾಕಿದ.

ಅಷ್ಟಾದರೂ ಚೀಟಿಯಕ್ಕನ ಒಳಗು ತಣ್ಣಗಾಗಲಿಲ್ಲ. ನಾಲ್ಕು ದಿನ ಇಸ್ತ್ರಿಯ ರೋಲರಿಗೆ ಚಾದರ ಉಣಿಸುತ್ತ ಅದನ್ನೇ ಅಗಿದಳು. ಹೂಂ ಅಂದಿದ್ದರೆ ಇಷ್ಟು ಹೊತ್ತಿಗೆ ಮನೆಯಲ್ಲಿ ಕೂತು ಬರೆಯಬಹುದಿತ್ತು. ಅಹಂಕಾರವೇ ತನಗೆ? ಐದನೆಯ ದಿನ ಕೆಂಪು ಗೀಟಿನ ಪುಟಗಳನ್ನು ತೆಗೆದು ಒಂದೊಂದೇ ನೋಡಿದಳು. ಹನ್ನೆರಡು ಗೀಟು ಸರಿಯಾಗಿದ್ದವು, ಅಲ್ಲಿ ತಿದ್ದಿಕೊಂಡಳು. ಉಳಿದವೆಲ್ಲ ಅವಳ ಮಾತನ್ನು ಒಗೆದು ಬಣ್ಣ ಬಿಡಿಸುವ ಗೀಟುಗಳು. ಪುಟ ಮಡಿಸಿಟ್ಟು ಮತ್ತೆ ಗ್ರಂಥಾಲಯಕ್ಕೆ ನಡೆದಳು.

"ಇನ್ನೊಂದು ದಾರಿ ಇದೆ" ಎಂದರು ಗ್ರಂಥಪಾಲಕಿ. "ಕಷ್ಟದ್ದು ಅಂತ ಮೊದಲು ಹೇಳ್ಲಿಲ್ಲ. ಓದುವವರ ಹತ್ರಾನೇ ಮುಂಗಡ ತಗೊಳ್ಳೋದು. ರಸೀದಿ ಕೊಡಿ, ಆರು ತಿಂಗಳಿಗೆ ಪುಸ್ತಕ ಕೊಡಿ. ಮುನ್ನೂರು ಜನ ಆದ್ರೆ ಅಚ್ಚಿನ ಖರ್ಚು ಹುಟ್ಟುತ್ತೆ."

ರಜೆಯ ಮಾತು ಅಲ್ಲಿಗೆ ಮುಗಿಯಿತು. ಬೆಳಗ್ಗೆ ಐದರಿಂದ ಆರೂವರೆ, ಸಾಮಾನು ಕೋಣೆಯಲ್ಲಿ ಅಕ್ಕಿ ಚೀಲದ ಪಕ್ಕ ಅವಳು ಬರೆಯತೊಡಗಿದಳು. ಚಿಲಕ ಗಂಡನೇ ತಂದು ಹಾಕಿದ. ಅತ್ತೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಪಕ್ಕದ ಮನೆಯಾಕೆ ಸಕ್ಕರೆ ಕೇಳಿಕೊಂಡು ಬಂದರೆ, "ಒಳಗೆ ಆಫೀಸು ನಡೀತಿದೆ, ಆರೂವರೆ ಮೇಲೆ ಬಾ" ಎನ್ನುತ್ತಿದ್ದಳು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಚೀಟಿಯಕ್ಕ ರಸೀದಿ ಪುಸ್ತಕ ಹಿಡಿದು ಆಸ್ಪತ್ರೆ ಸುತ್ತಿದಳು. ಇಲ್ಲದ ಪುಸ್ತಕಕ್ಕೆ ದುಡ್ಡು ಕೇಳುವುದು ಹುಡುಗಾಟವಲ್ಲ. ಲ್ಯಾಬಿನವನು ನೋಡೋಣ ಎಂದ. ಔಷಧಿ ಕೊಡುವವಳು, "ಬಟ್ಟೆ ಒಗೆಯೋದ್ರ ಬಗ್ಗೆ ಓದೋಕೇನಿದೆ?" ಎಂದಳು. ಹೆರಿಗೆ ವಾರ್ಡಿನ ಹಿರಿಯ ನರ್ಸು ಮಾತ್ರ ನಿಂತಲ್ಲೇ ಎರಡು ಪುಟ ಓದಿ ಹತ್ತು ಪ್ರತಿಗೆ ಕೊಟ್ಟಳು. ಅಲ್ಲಿಂದ ಸುದ್ದಿ ವಾರ್ಡಿನಿಂದ ವಾರ್ಡಿಗೆ ಹೋಯಿತು.

ಒಗೆಯುವ ವಿಭಾಗದ ಮೇಲ್ವಿಚಾರಕ ಅವಳನ್ನು ಕರೆಸಿದ. "ನನ್ನ ಬಗ್ಗೆ ಏನು ಬರೆದಿದೀಯ?"

"ದುಡ್ಡು ಕೊಟ್ಟು ಓದಿ ಸರ್."

"ಮೇಲಿನವರಿಗೆ ಹೇಳಿದ್ರೆ ನಿನ್ನ ಕೆಲಸ ಇರುತ್ತಾ?"

"ರೋಗಿಗಳ ಹೆಸರು ಒಂದೂ ಬರೆದಿಲ್ಲ. ಹಬೆ ಕೊಳವೆ ಹಳೇದಾಗಿದೆ, ನಾಲ್ಕು ಜನ ಕೈ ಸುಟ್ಕೊಂಡಿದಾರೆ ಅಂತ ಬರೆದಿದೀನಿ. ಸುಳ್ಳಾದ್ರೆ ಹೇಳಿ, ತೆಗೀತೀನಿ."

ಮೇಲ್ವಿಚಾರಕನ ಎಡಗೈಯಲ್ಲೇ ಹಳೆಯ ಸುಟ್ಟ ಗಾಯದ ಗುರುತಿತ್ತು. ಅವನು ಅವಳ ಮುಖ ನೋಡದೆ ರಸೀದಿ ಬರೆಸಿಕೊಂಡ.

ಆರು ತಿಂಗಳಿಗೆ ಇನ್ನೂರ ಹದಿನಾಲ್ಕು ಜನ ಆದರು. ಮುನ್ನೂರಾಗಲಿಲ್ಲ. ಮುದ್ರಕ, ನಲವತ್ತು ಪುಟ ಕಡಿಮೆ ಮಾಡಿದರೆ ಹೊಂದುತ್ತದೆ ಎಂದ. ಚೀಟಿಯಕ್ಕ ಒಪ್ಪಲಿಲ್ಲ. ಕಾಗದ ತೆಳುವಾಗಲಿ, ಅಕ್ಷರ ಸಣ್ಣದಾಗಲಿ, ಮುಖಪುಟಕ್ಕೆ ಚಿತ್ರವೇ ಬೇಡ, ಪುಟ ಮಾತ್ರ ಒಂದೂ ಹೋಗಕೂಡದು ಎಂದಳು. ಕೊನೆಗೆ ಇನ್ನೂರೈವತ್ತು ಪ್ರತಿ ಅಚ್ಚಾದವು. ಬಿಳಿ ಹೊದಿಕೆಯ ಮೇಲೆ ಪುಸ್ತಕದ ಹೆಸರು, ಕೆಳಗೆ ಅವಳ ಪೂರ್ತಿ ಹೆಸರು. ಆ ಹೆಸರನ್ನು ಓದಿ ನೆಲಮಾಳಿಗೆಯ ಅರ್ಧ ಜನ, "ಇದ್ಯಾರು?" ಎಂದು ಕೇಳಿದರು.

ಕೆಲವರು ಹೊಗಳಿದರು. ಅಕ್ಷರ ಇರುವೆ ಸಾಲಿನಂತಿದೆ ಎಂದು ಬೈದವರೂ ಇದ್ದರು. ಅತ್ತೆ ಮಾತ್ರ ತನ್ನ ಬಗ್ಗೆ ಒಂದೇ ಪುಟ ಯಾಕೆ ಎಂದು ಎರಡು ದಿನ ಮುಖ ಊದಿಸಿಕೊಂಡಳು.

ಮಿಕ್ಕ ಪ್ರತಿಗಳಲ್ಲಿ ಒಂದನ್ನು ಚೀಟಿಯಕ್ಕ ಪ್ರತಿಷ್ಠಾನಕ್ಕೆ ಅಂಚೆಯಲ್ಲಿ ಕಳಿಸಿದಳು. ಒಳಗೆ ಪತ್ರವಿರಲಿಲ್ಲ, ಒಂದು ಪ್ರತಿಯ ಬಿಲ್ಲು ಇತ್ತು. ಮೂರು ವಾರಕ್ಕೆ ಮೂರು ಪ್ರತಿಯ ಹಣ ಬಂತು, ಜೊತೆಗೆ ಇನ್ನೆರಡು ಪ್ರತಿ ಬೇಕೆಂದು ಆ ಲೇಖಕರ ಕೈಬರಹದ ಸಾಲೊಂದು. ಅವಳು ಎರಡು ರಸೀದಿ ಬರೆದಳು, ಪುಸ್ತಕಗಳನ್ನು ಅಂಚು ಕೂಡಿಸಿ ಕಾಗದದಲ್ಲಿ ಸುತ್ತಿದಳು, ಮೇಲೆ ವಿಳಾಸ ಅಂಟಿಸಿ ಅಂಚೆ ಕಚೇರಿಗೆ ಹೊರಟಳು.