ಪರದೆ ಕಳೆದುಕೊಂಡ ಲ್ಯಾಪ್‌ಟಾಪ್

ನಾನೊಂದು ಕಪ್ಪು ಲ್ಯಾಪ್‌ಟಾಪ್. ದೂರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ಮೊದಲ ಎರಡು ವರ್ಷ ಹುಬ್ಬಳ್ಳಿಯ ವಿಮಾ ಏಜೆಂಟರೊಬ್ಬರ ಚೀಲದಲ್ಲಿ ಊರೂರು ಅಲೆದೆ. ಅವರು ಹೊಸದನ್ನು ಕೊಂಡಾಗ ಗದಗಿನ ಗುರುಸಿದ್ಧ ಹೂಲಿ ಮಾಸ್ತರರ ಮೇಜಿಗೆ ಬಂದೆ.

ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಶಾಲೆಯಿಂದ ಬಂದು, ಚಹಾ ಕುಡಿದು, ಮರುದಿನದ ಪಾಠದ ಟಿಪ್ಪಣಿಯನ್ನು ನನ್ನಲ್ಲಿ ಬರೆಯುತ್ತಿದ್ದರು. ಮೊದಮೊದಲು ಒಂದು ಮೊಳ ದೂರ ಕೂರುತ್ತಿದ್ದವರ ಮುಖ ಬರಬರುತ್ತಾ ಹತ್ತಿರವಾಯಿತು. ಅಕ್ಷರಗಳನ್ನು ದೊಡ್ಡದು ಮಾಡಿದರು. ಮತ್ತೂ ದೊಡ್ಡದು ಮಾಡಿದರು. ಕೊನೆಗೆ ಒಂದು ಸಾಲಿಗೆ ಎರಡೇ ಪದ ಹಿಡಿಸುತ್ತಿದ್ದವು. ಅವರ ಉಸಿರಿಗೆ ಪರದೆ ಮಬ್ಬಾಗುತ್ತಿತ್ತು. ಅಂಗಿಯ ತೋಳಿನಿಂದ ಒರೆಸಿ ಮತ್ತೆ ಓದುತ್ತಿದ್ದರು.

"ಚಷ್ಮಾದ ನಂಬರ ಬದಲಾಗೇತಿ, ಅಷ್ಟ," ಎಂದು ಮಾಸ್ತರರು ತಮ್ಮ ಹೆಂಡತಿ ಅನಸೂಯಾ ಅವರಿಗೆ ಹೇಳುತ್ತಿದ್ದರು. ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಔಷಧವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಆ ರೋಗದ ಹೆಸರನ್ನು ನನ್ನಲ್ಲೇ ಹುಡುಕಿದ್ದರು. ಹಾಗಾಗಿ ನನಗೆ ಗೊತ್ತಿತ್ತು.

ಒಂದು ದಿನ ಅವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬರೆದದ್ದನ್ನು ಓದಿ ಹೇಳುವ ದನಿಯನ್ನು ನನ್ನಲ್ಲಿ ಚಾಲೂ ಮಾಡಿದರು. ಅಂದಿನಿಂದ ಅವರ ಮುಖ ನನ್ನ ಹತ್ತಿರ ಬರಲಿಲ್ಲ. ಅನಸೂಯಾ ಸುಳಿದಾಡಿದ ಸಪ್ಪಳವಾದರೆ ಮಾತ್ರ ಓದುತ್ತಿರುವವರಂತೆ ತಲೆಯಾಡಿಸುತ್ತಿದ್ದರು.

ಒಂದು ಸೋಮವಾರ ನನ್ನ ಪರದೆ ಮಿಣಮಿಣ ಎಂದು ಆರಿಹೋಯಿತು. ದನಿ ಉಳಿಯಿತು. ಮಾಸ್ತರರಿಗೆ ತಿಳಿಯಲೇ ಇಲ್ಲ. ಅನಸೂಯಾ ಚಹಾ ತಂದವರು ಅವರ ಬೆನ್ನ ಹಿಂದೆ ಬಹಳ ಹೊತ್ತು ನಿಂತರು. ಆಮೇಲೆ ಕಪ್ಪನ್ನು ಅವರ ಬೆರಳಿಗೆ ತಾಗುವಂತೆ ಇಟ್ಟು ಹೊರಟುಹೋದರು.

ಶುಕ್ರವಾರ ನಾನು ಬಿಸಿಯೇರಿ, ಓದುತ್ತಿದ್ದ ನಡುವೆಯೇ ನಿಂತುಬಿಟ್ಟೆ. ಇಬ್ಬರೂ ನನ್ನನ್ನು ರಿಪೇರಿ ಅಂಗಡಿಯ ಇಮ್ತಿಯಾಜನಲ್ಲಿಗೆ ಒಯ್ದರು. ಅವನು ನನ್ನನ್ನು ಬಿಚ್ಚಿ ನೋಡಿದ.

"ಸರ, ಫ್ಯಾನ್ ಕೆಟ್ಟೈತಿ. ಪರದೀನೂ ಪೂರ್ತಿ ಹೋಗೇತಿ. ಇಷ್ಟ ಹಳೇದಕ್ಕ ರಿಪೇರಿ ಯಾಕ? ಹೊಸಾದ ತಗೋರಿ. ಪರದಿ ಯಾವಾಗ ಹೋತು?"

ಮಾಸ್ತರರು ತಡವರಿಸಿದರು. "ಪರದಿ... ಇವತ್ತ ಮುಂಜಾನೆ."

"ಸೋಮವಾರ ಹೋತು," ಎಂದರು ಅನಸೂಯಾ. "ನಾಕ ದಿನ ಕತ್ತಲಿ ಪರದಿ ಮುಂದ ಕುಂತಿದ್ರಿ. ನೀವಾಗೇ ಹೇಳ್ತೀರಿ ಅಂತ ಕಾಯ್ಕೊಂತ ಇದ್ದೆ."

ಇಮ್ತಿಯಾಜ ಸ್ಕ್ರೂಡ್ರೈವರ್ ಕೆಳಗಿಟ್ಟ. ಮಾಸ್ತರರ ಕೈ ನನ್ನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ಮೂರ ತಿಂಗಳಾತು ಅನಸೂಯಾ, ಅಕ್ಷರ ಕಾಣಂಗಿಲ್ಲ. ನೆಳ್ಳ ಅಷ್ಟ ಕಾಣ್ತಾವ. ಸಾಲ್ಯಾಗ ಗೊತ್ತಾದ್ರ ಮನೀಗೆ ಕಳಸ್ತಾರೇನೋ ಅಂತ ಅಂಜಿದ್ದೆ. ನಿನಗ ಹ್ಯಾಂಗ ಹೇಳ್ಬೇಕು ತಿಳೀಲಿಲ್ಲ."

ಅನಸೂಯಾ ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು.

ಇಮ್ತಿಯಾಜ ಮೆಲ್ಲಗೆ ಕೇಳಿದ: "ಏನ ಮಾಡ್ಲಿ ಸರ?"

"ಇದರ ಕೀ ನನ್ನ ಬೆರಳಿಗೆ ರೂಢಿ ಆಗ್ಯಾವ. ಫ್ಯಾನ್ ಹಾಕಪಾ. ಪರದಿ ತಗದಬಿಡು."

ಮರುವಾರ ಇಬ್ಬರೂ ಹೆಡ್‌ಮಾಸ್ತರರನ್ನು ಕಂಡು ಬಂದರು. ಕೆಲಸ ಉಳಿಯಿತು. ಆದರೆ ಉತ್ತರಪತ್ರಿಕೆ ತಿದ್ದುವುದು ಬೇರೆಯವರ ಪಾಲಾಯಿತು. ಇಪ್ಪತ್ತೆರಡು ವರ್ಷ ಕೆಂಪು ಪೆನ್ನು ಹಿಡಿದ ಕೈ ಎಷ್ಟೋ ದಿನ ನನ್ನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಒಂದು ಸಂಜೆ ಅದು ಮತ್ತೆ ಬರೆಯತೊಡಗಿತು. ಅಂದು ಇಯರ್‌ಫೋನ್ ಹಾಕಿಕೊಳ್ಳಲಿಲ್ಲ. ನನ್ನ ದನಿ ಅಡುಗೆಮನೆಯವರೆಗೂ ಕೇಳಿಸಿತು.

"ಪುಲಿಕೇಶಿ ಹೆಸರ ಹ್ಯಾಂಗ ಕೆಡಸ್ತೈತಿ ನೋಡ್ರಿ ಅದು!" ಎಂದರು ಒಳಗಿನಿಂದ ಅನಸೂಯಾ.

ಈಗ ನನಗೆ ವಯಸ್ಸಾಗಿದೆ. ಕೀಗಳ ಮೇಲಿನ ಅಕ್ಷರಗಳು ಸವೆದಿವೆ, ಏಳುವುದಕ್ಕೂ ಹೊತ್ತು ಹಿಡಿಯುತ್ತದೆ. ಒಂದು ದಿನ ಏಳದೆಯೇ ಇರಬಹುದು. ಪರದೆ ಇದ್ದಷ್ಟು ಕಾಲ ಮಾಸ್ತರರು ಒಬ್ಬರೇ ಓದಿಕೊಳ್ಳುತ್ತಿದ್ದರು. ಈಗ ನಾನು ಓದುವುದನ್ನು ಇಬ್ಬರು ಕೇಳುತ್ತಾರೆ.