ಓಡಿ ಬಂದಾಕಿ

ಅಲ್ಲ, ಈ ಇನಾಸಗ ಬ್ಯಾರೆ ಬುದ್ಧಿನ ಹೊಳೀಲಿಲ್ಲ ನೋಡ್ರಿ! ಅಡವ್ಯಾಗ ಮುಚ್ಚಿಟ್ಟಿದ್ರ ಅಗ್ನೆಸ್ ಯಾರ ಅಪ್ಪಗೂ ಸಿಗತಿದ್ದಿಲ್ಲ. ಇವ ಆಕೀನ್ನ ತಾನ ಕೈ ಹಿಡದು ಪ್ಯಾಟಿ ಕಚೇರಿಗೆ ಕರಕೊಂಡು ಹೋದ.

ಇದು ಎರಡನೇ ಮಹಾಯುದ್ಧ ಶುರು ಆಗೂಕಿಂತ ಮೊದಲಿನ ಮಾತು. ಇನಾಸ ಸೂಪಾದ ಆಚಿಗಿನ ಹಳ್ಳಿಯ ಸಿದ್ದಿ ಜನರ ಬುದವಂತ. ಬುದವಂತ ಅಂದ್ರ ಜಾತಿಯ ಹಿರೇಮನುಷ್ಯ. ಮದುವಿ, ಜಗಳ, ದಂಡ, ಎಲ್ಲಾ ಆತನ ಮಾತಿನ ಮ್ಯಾಲ. ಆ ವರ್ಷ ಮಳಿಗಾಲ ಮುಗದ ಮ್ಯಾಲ ಅಗ್ನೆಸ್ ಗೋವೆ ಕಡಿಂದ ಓಡಿ ಬಂದಿದ್ಲು. ಅಲ್ಲಿ ಒಬ್ಬ ಜಮೀನ್ದಾರನ ಮನ್ಯಾಗ ಆಕಿ ಅವ್ವ ದುಡದು ದುಡದು ಸತ್ಳು. ಅವ್ವ ಹೋದ್ರೇನಾತು, ಮಗಳು ನಮ್ಮ ಮನಿ ಸೊತ್ತು ಅಂದ ಆತ. ಕೂಲಿ ಇಲ್ಲ, ಹೊರಗ ಕಾಲಿಡೂಹಂಗಿಲ್ಲ, ಬೆನ್ನ ತುಂಬ ಬಾರಕೋಲಿನ ಬರಿ. ಇನಾಸನ ಹೇಂತಿ ಮಾರ್ಥಾ ಆ ಬರಿಗೆ ಎಣ್ಣಿ ಹಚ್ಚಿ, ಒಲಿ ಮುಂದ ಕುಂಡ್ರಿಸಿ ಉಣ್ಣಾಕ ನೀಡಿದ್ಲು.

ಸ್ವಲ್ಪ ದಿನಕ್ಕ ಪೊಲೀಸ್ ಪಾಟೀಲ ಈಶಪ್ಪ ಬಂದು, ಅಗ್ನೆಸ್ ಬಂಗಾರದ ಬಳಿ ಕದ್ದು ಓಡ್ಯಾಳಂತ ಆ ಕಡಿಂದ ಫಿರ್ಯಾದಿ ಬಂದೈತಿ ಅಂದ. ಸುಳ್ಳು, ಹಸೀ ಸುಳ್ಳು. ಬಂದಾಗ ಆಕಿ ಮೈಮ್ಯಾಲ ಹರಕ ಸೀರಿ ಬಿಟ್ರ ಏನೂ ಇದ್ದಿಲ್ಲ. ಅಣಶಿ ಅಡವಿಗೆ ಕಳಸೂಣು ಅಂತ ಮಾರ್ಥಾ ಬಡಕೊಂಡ್ಲು. ಇನಾಸ ಕೇಳಬೇಕಲ್ಲ! ಮುಚ್ಚಿಟ್ರ ಕಳ್ಳಿ ಅಂತ ನಾವ ಒಪ್ಪಿಕೊಂಡಂಗ ಆಗತೈತಿ, ಪ್ಯಾಟಿ ಕಚೇರಿ ಸಾಹೇಬರಿಗೆ ಆ ಬರಿ ತೋರಿಸಿದ್ರ ಅವರಿಗೂ ತಿಳೀತೈತಿ ಅಂದ. ತನ್ನ ಪಂಚಾಯತಿಯೊಳಗ ಯಾರ ಬಂದು ನಿಂತ್ರೂ ಆತ ಪೂರಾ ಕೇಳತಿದ್ದ. ಕಚೇರ್ಯಾಗೂ ಹಂಗ ಕೇಳತಾರಂತ ತಿಳಕೊಂಡಿದ್ದ, ಪಾಪ.

ಸಾಹೇಬ ಕೆಟ್ಟವನಲ್ಲ. ಬರಿ ನೋಡಿ ಮುಖ ಸಣ್ಣ ಮಾಡಿದ. ಆದ್ರ ಮಾತು ಮಾತ್ರ ಒಂದ: ಗೋವೆ ಸರಕಾರ, ನಮ್ಮ ಸರಕಾರ ಎರಡೂ ಕೂಡಿ ಕರಾರು ಮಾಡ್ಯಾವ, ಕಳವಿನ ಫಿರ್ಯಾದಿ ಇದ್ದವರನ್ನ ತಿರುಗಿ ಒಪ್ಪಿಸಬೇಕು, ತನ್ನ ಕೈಯಾಗ ಏನೂ ಇಲ್ಲ. ಅಲ್ಲಿ ಒಯ್ದು ಸಾಯಬಡೀತಾರ್ರಿ ಅಂದ್ರ, ಅದು ಅಲ್ಲಿ ಸರಕಾರದ ಕೆಲಸಂತ. ಇನಾಸಗ ಗೋಡಿಗೆ ತಲಿ ಜಜ್ಜಿಕೊಳ್ಳಬೇಕು ಅನಿಸ್ತು.

"ನಮ್ಮಲ್ಲೂ ಕರಾರು ಇರತಾವ್ರಿ ಸಾಹೇಬ್ರ," ಅಂದ. "ದಂಡ ಹಾಕ್ತೇವಿ, ಮಾಫಿನೂ ಮಾಡ್ತೇವಿ. ಆದ್ರ ಓಡಿ ಬಂದವರನ್ನ ತಿರುಗಿ ಕೊಡೂ ಮಾತು ಪಂಚಾಯತಿಗೆ ತರೂಹಂಗ ಇಲ್ಲ. ನಮ್ಮ ಹಿರೇರೆಲ್ಲಾ ಗುಲಾಮಗಿರಿ ಬಿಟ್ಟು ಹಂಗ ಓಡಿ ಬಂದವರು. ಹತ್ತೂ ಮಂದಿ ಕೂಡಿ ಹೂಂ ಅಂದ್ರೂ ಅದು ನಡ್ಯೂದಿಲ್ಲ. ಎರಡು ಸರಕಾರ ಹೂಂ ಅಂದ್ರ ಹೆಂಗ ನಡೀತೈತ್ರಿ?"

ಅದು ಯಾವ ಕಾಯದೇದಾಗ ಬರದೈತಿ ಅಂತ ಸಾಹೇಬ ಕೇಳಿದ. ಚಾಷ್ಟಿಗೆ ಅಲ್ಲ, ಖರೇನ ಕೇಳಿದ. ಮಧ್ಯಾಹ್ನಕ್ಕ ಪೊಲೀಸರು ಅಗ್ನೆಸಳನ್ನ ಗಡಿ ಕಡೆ ಹೋಗೂ ಮೋಟಾರಿಗೆ ಹತ್ತಿಸಿದ್ರು. ಆಕಿ ಅಳಲಿಲ್ಲ, ಇನಾಸನ ಕಡೆ ತಿರುಗಿ ನೋಡಲೂ ಇಲ್ಲ.

ಊರಾಗ ಜನ ಕೂಡಿದ್ರು. ಹಿರೇರ ಕಾಲದಿಂದ ಬಂದ ಕಟ್ಟಳಿ ಅದು: ಓಡಿ ಬಂದವರನ್ನ ಬಿಟ್ಟುಕೊಟ್ಟವರ ಮನಿಂದ ಯಾರೂ ಒಲಿಗೆ ಬೆಂಕಿ ಒಯ್ಯೂದಿಲ್ಲ, ನೀರು ಕುಡ್ಯೂದಿಲ್ಲ, ಬುದವಂತಕಿ ಅಂತೂ ದೂರದ ಮಾತು. ಆದ್ರ ಇನಾಸ ಅಂದ್ರ ಎಲ್ಲಾರಿಗೂ ಜೀವ. ವಯಸ್ಸಾದ ಲುಯಿಸ್ ಎದ್ದು, ಇದು ಸರಕಾರದ ಜುಲುಮಿ, ಇನಾಸನ ತಪ್ಪಲ್ಲ, ಎಲ್ಲಾರೂ ಒಪ್ಪಿದ್ರ ಇದೊಂದು ಸಲ ಬಿಟ್ಟುಬಿಡೂಣು ಅಂದ. ಎಲ್ಲಾರೂ ಹೂಂ ಅಂದ್ರು.

ಆ ಹೂಂ ಕೇಳಿ ಇನಾಸನ ಮೈಯೆಲ್ಲಾ ಉರದುಹೋತು. ಕಚೇರ್ಯಾಗೂ ಇದನ್ನ ಕೇಳಿ ಬಂದಿದ್ದ: ಎಲ್ಲಾರೂ ಒಪ್ಯಾರ, ಮುಗೀತು. ಎದ್ದು ಮನಿಗೆ ಹೋಗಿ ಉರಿಯೂ ಒಲಿ ಮ್ಯಾಲ ಕೊಡದ ನೀರು ಸುರುವಿದ. ಬೂದಿ ಮನಿ ತುಂಬ ಹಾರಿತು.

ಮಾರ್ಥಾಗ ತಡೀಲಾರದ ಸಿಟ್ಟು ಬಂತು.

"ನೀವು ಒಲಿ ಆರಿಸಿ ಕುಂತ್ರ ಅಗ್ನೆಸ್ ತಿರುಗಿ ಬರತಾಳೇನು?"

"ಬರೂದಿಲ್ಲ," ಅಂದ ಇನಾಸ. "ಆದ್ರ ನಾಳೆ ಇನ್ನೊಬ್ಬಾಕಿ ಓಡಿ ಬಂದ್ರ, ಈ ಆರಿದ ಒಲಿ ನೋಡಿ ಯಾವ ಮನಿ ಬಾಗಿಲಾ ಬಡೀಬಾರದು ಅಂತ ಆಕಿಗೆ ಗೊತ್ತಾಗಬೇಕಲ್ಲ."